ಹಳೆಯ ಜಿಪ್ಸಿಗೆ ಎಸಿ ಅಳವಡಿಸುವ ಕ್ರಮ

ಮಾರುತಿ ಜಿಪ್ಸಿ 1985ರಲ್ಲಿ 970 ಸಿಸಿ ಎಂಜಿನ್‌ನೊಂದಿಗೆ ಬಂದಾಗ ಅದರಲ್ಲಿ ಎಸಿ ಇರಲಿಲ್ಲ. 1996ರಲ್ಲಿ 1.3 ಲೀಟರ್ ಎಂಜಿನ್‌ನ ಜಿಪ್ಸಿ ಕಿಂಗ್ ಬಂತು, 2000ದ ಹೊತ್ತಿಗೆ ಪೆಟ್ರೋಲನ್ನು ಇಂಜೆಕ್ಟರ್‌ಗಳಿಂದ ಚಿಮ್ಮಿಸುವ ಎಂಪಿಎಫ್‌ಐ ವ್ಯವಸ್ಥೆಯೂ 80 ಅಶ್ವಶಕ್ತಿಯೂ ಬಂದವು, ಎಸಿ ಮಾತ್ರ ಬರಲಿಲ್ಲ. ತಯಾರಿಕೆ ನಿಂತು ವರ್ಷಗಳೇ ಕಳೆದಿದ್ದರೂ ಮೂಡಿಗೆರೆ, ಸಕಲೇಶಪುರ, ಮಡಿಕೇರಿ ಕಡೆಯ ತೋಟದ ದಾರಿಗಳಲ್ಲಿ ಈ ಗಾಡಿ ಇಂದಿಗೂ ಓಡುತ್ತಿದೆ. ಅದನ್ನು ಇಟ್ಟುಕೊಂಡವರು ವಯಸ್ಸಾದ ತಂದೆತಾಯಿಯನ್ನು ಕೂರಿಸಿಕೊಂಡು ಏಪ್ರಿಲ್ ತಿಂಗಳಲ್ಲಿ ಘಾಟಿ ಇಳಿದು ಮಂಗಳೂರಿಗೆ ಹೊರಟಾಗ ಎಸಿಯ ಕೊರತೆ ಎದ್ದು ಕಾಣುತ್ತದೆ. ಮಲೆನಾಡಿನವರಿಗೆ ಇದಕ್ಕಿಂತ ಬಲವಾದ ಇನ್ನೊಂದು ಕಾರಣವೂ ಇದೆ. ಜುಲೈ ಮಳೆಯಲ್ಲಿ ಕಿಟಕಿ ಮುಚ್ಚಿ ನಾಲ್ಕು ಜನ ಕುಳಿತರೆ ಐದು ನಿಮಿಷದೊಳಗೆ ಮುಂದಿನ ಗಾಜು ಒಳಗಿನಿಂದ ಮಸುಕಾಗುತ್ತದೆ, ಎಷ್ಟು ಬಾರಿ ಒರೆಸಿದರೂ ಮತ್ತೆ ಅದೇ. ಎಸಿ ಗಾಳಿಯನ್ನು ತಂಪು ಮಾಡುವುದರ ಜೊತೆಗೆ ಅದರ ತೇವವನ್ನೂ ಹಿಂಡಿ ತೆಗೆಯುವುದರಿಂದ ಈ ಮಸುಕು ಬೇಗ ಬಿಡುತ್ತದೆ. ನನ್ನ ಮಟ್ಟಿಗೆ ಜಿಪ್ಸಿಗೆ ಎಸಿ ಹಾಕಿಸುವುದಕ್ಕೆ ಇದೊಂದು ಕಾರಣವೇ ಸಾಕು.

ಗ್ಯಾರೇಜಿನಲ್ಲಿ ವಿಚಾರಿಸಿದರೆ ಮಾತು ಸಾಮಾನ್ಯವಾಗಿ ಎಸಿಯ ಗ್ಯಾಸನ್ನು ಒತ್ತಿ ಸುತ್ತಿಸುವ ಕಂಪ್ರೆಸರ್‌ನಿಂದಲೇ ಶುರುವಾಗುತ್ತದೆ. ಆದರೆ ಹೊರಗಿನಿಂದ ಹಾಕಿಸಿದ ಎಸಿಗಳು ಸೋಲುವುದು ಕಂಪ್ರೆಸರ್ ಸಣ್ಣದಾಯಿತೆಂದು ಅಲ್ಲ. ರೇಡಿಯೇಟರ್ ಹಳೆಯದಾಗಿರುತ್ತದೆ, ಬಾಡಿಯಲ್ಲಿ ಗಾಳಿ ಸೋರುತ್ತಿರುತ್ತದೆ, ಗ್ಯಾಸನ್ನು ಅಂದಾಜಿನ ಮೇಲೆ ತುಂಬಿರುತ್ತಾರೆ. ಆದ್ದರಿಂದ ಈ ಲೇಖನದಲ್ಲಿ ಕಂಪ್ರೆಸರ್ ವಿಷಯ ಸ್ವಲ್ಪ ತಡವಾಗಿ ಬರುತ್ತದೆ.

ಗಾಡಿ ಈ ಹೊರೆಗೆ ಸಿದ್ಧವಿದೆಯೇ?

ಗ್ಯಾಸಿನ ಶಾಖವನ್ನು ಹೊರಗೆ ಬಿಡುವ ಎಸಿಯ ಕಂಡೆನ್ಸರ್ ರೇಡಿಯೇಟರ್‌ನ ಮುಂದೆ ಕೂರುತ್ತದೆ. ಅಂದರೆ ರೇಡಿಯೇಟರ್‌ಗೆ ಇದುವರೆಗೆ ನೇರವಾಗಿ ಸಿಗುತ್ತಿದ್ದ ಗಾಳಿ ಇನ್ನು ಮೇಲೆ ಕಂಡೆನ್ಸರ್‌ನಲ್ಲಿ ಬಿಸಿಯಾಗಿ, ತುಸು ತಡೆಯಲ್ಪಟ್ಟು ಬರುತ್ತದೆ. ಅದರ ಮೇಲೆ ಕಂಪ್ರೆಸರ್ ಎಂಜಿನ್‌ನಿಂದ ಮೂರು ನಾಲ್ಕು ಅಶ್ವಶಕ್ತಿಯಷ್ಟು ಕಸಿದುಕೊಳ್ಳುತ್ತದೆ. 80 ಅಶ್ವಶಕ್ತಿಯ ಜಿಪ್ಸಿ ಕಿಂಗ್‌ಗೆ ಇದು ದೊಡ್ಡ ಹೊರೆಯಲ್ಲ. 45 ಅಶ್ವಶಕ್ತಿಯ ಹಳೆಯ 970 ಸಿಸಿ ಗಾಡಿಗೆ ಏರಿನಲ್ಲಿ ಖಂಡಿತ ಗೊತ್ತಾಗುತ್ತದೆ, ಅಂಥ ಗಾಡಿಗೆ ಎಸಿ ಹಾಕಿಸಲು ನಾನು ಸಲಹೆ ಕೊಡುವುದಿಲ್ಲ.

ಮೊದಲು ಮಾಡಬೇಕಾದ ಪರೀಕ್ಷೆಗೆ ಖರ್ಚೇನೂ ಇಲ್ಲ. ಬಿಸಿಲಿರುವ ದಿನ ಗಾಡಿಯಲ್ಲಿ ಪೂರ್ತಿ ಜನರನ್ನು ಕೂರಿಸಿಕೊಂಡು ಚಾರ್ಮಾಡಿಯಿಂದ ಕೊಟ್ಟಿಗೆಹಾರದವರೆಗೆ, ಅಥವಾ ನಿಮಗೆ ಹತ್ತಿರದ ಯಾವುದಾದರೂ ಘಾಟಿಯಲ್ಲಿ, ಎರಡನೇ ಮತ್ತು ಮೂರನೇ ಗೇರಿನಲ್ಲಿ ಏರಿಸಿ ನೋಡಿ. ಉಷ್ಣತೆಯ ಮುಳ್ಳು ತನ್ನ ಮಾಮೂಲಿ ಜಾಗದಿಂದ ಮೇಲಕ್ಕೆ ಸರಿದರೆ ಎಸಿಯ ವಿಚಾರವನ್ನು ಅಲ್ಲಿಗೇ ನಿಲ್ಲಿಸಿ ರೇಡಿಯೇಟರ್ ಬಿಚ್ಚಿಸಿ ಒಳಗಿನ ಕೊಳವೆಗಳನ್ನು ರಾಡಿಂಗ್ (ಕಂಬಿ ತೂರಿಸಿ ಶುಚಿ) ಮಾಡಿಸಬೇಕು ಅಥವಾ ಕೋರ್ ಬದಲಿಸಬೇಕು; ಥರ್ಮೋಸ್ಟಾಟ್ ವಾಲ್ವ್, ವಾಟರ್ ಪಂಪ್, ರೇಡಿಯೇಟರ್ ಮುಚ್ಚಳ, ಫ್ಯಾನಿನ ಹಿಡಿತ ಇವನ್ನೂ ಆಗಲೇ ನೋಡಿಸಬೇಕು. ಥರ್ಮೋಸ್ಟಾಟ್ ಕಿತ್ತುಹಾಕಿದರೆ ತಂಪಾಗಿರುತ್ತದೆ ಎಂಬ ಸಲಹೆ ಎಲ್ಲ ಕಡೆ ಸಿಗುತ್ತದೆ. ಅದನ್ನು ಕೇಳಬೇಡಿ, ಎಂಪಿಎಫ್‌ಐ ಎಂಜಿನ್ ಬಿಸಿಯಾಗದೆ ಉಳಿದರೆ ಪೆಟ್ರೋಲ್ ಹೆಚ್ಚು ಕುಡಿಯುತ್ತದೆ.

ವಿದ್ಯುತ್ ಲೆಕ್ಕವನ್ನೂ ಮೊದಲೇ ಹಾಕಿಕೊಳ್ಳಿ. ಕಂಪ್ರೆಸರನ್ನು ಬೆಲ್ಟಿನ ಪುಲ್ಲಿಗೆ ಜೋಡಿಸಿ ಬಿಡಿಸುವ ಮ್ಯಾಗ್ನೆಟಿಕ್ ಕ್ಲಚ್‌ಗೆ 3ರಿಂದ 4 ಆಂಪಿಯರ್, ಕಂಡೆನ್ಸರ್ ಫ್ಯಾನಿಗೆ 8ರಿಂದ 10, ಒಳಗೆ ತಂಪುಗಾಳಿ ಊದುವ ಬ್ಲೋವರ್ ಪೂರ್ತಿ ವೇಗದಲ್ಲಿ ಓಡುವಾಗ 10ರಿಂದ 15 ಎಂದುಕೊಂಡರೆ ಒಟ್ಟು ಸುಮಾರು 25 ಆಂಪಿಯರ್ ಹೊಸದಾಗಿ ಸೇರುತ್ತದೆ. ರಾತ್ರಿ ಮಳೆಯಲ್ಲಿ ಹೆಡ್‌ಲೈಟ್, ವೈಪರ್, ಎಸಿ ಎಲ್ಲವೂ ಒಟ್ಟಿಗೆ ಓಡಬೇಕು. ಆಲ್ಟರ್ನೇಟರ್ ಮೇಲಿನ ಪಟ್ಟಿಯಲ್ಲಿ ಅದರ ಸಾಮರ್ಥ್ಯ ಬರೆದಿರುತ್ತದೆ, ಓದಿ ನೋಡಿ. ಈಗಲೇ ಹೆಚ್ಚುವರಿ ದೀಪಗಳನ್ನು ಹಾಕಿಸಿಕೊಂಡಿರುವ ಗಾಡಿಗೆ ದೊಡ್ಡ ಆಲ್ಟರ್ನೇಟರ್ ಬೇಕಾಗುವ ಸಾಧ್ಯತೆ ಹೆಚ್ಚು.

ಕಾಗದಪತ್ರದ ಮಾತು ಚಿಕ್ಕದು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ನಿಗದಿಪಡಿಸಿದ್ದಕ್ಕಿಂತ ಬೇರೆಯಾಗುವಂಥ ಮಾರ್ಪಾಡನ್ನು ತಡೆಯುತ್ತದೆ. ಎಸಿಗೋಸ್ಕರ ಸಾಫ್ಟ್ ಟಾಪ್ ಗಾಡಿಯನ್ನು ಹಾರ್ಡ್ ಟಾಪ್ ಮಾಡುವ ಆಲೋಚನೆ ಇದ್ದರೆ ಮೊದಲು ಆರ್‌ಟಿಒ ಕಚೇರಿಯಲ್ಲಿ ಕೇಳಿಕೊಳ್ಳಿ, ಅದರಲ್ಲೂ 15 ವರ್ಷ ದಾಟಿ ನೋಂದಣಿ ನವೀಕರಣ ಹತ್ತಿರವಿರುವ ಗಾಡಿಯಾದರೆ ಕೇಳದೆ ಮುಂದುವರಿಯಬೇಡಿ. ವಿಮೆಯಲ್ಲಿ, ಗಾಡಿಯ ಮೂಲ ಬೆಲೆಗೆ ಸೇರದ ವಿದ್ಯುತ್ ಉಪಕರಣಗಳ ಮೌಲ್ಯವನ್ನು ಪ್ರತ್ಯೇಕವಾಗಿ ನಮೂದಿಸಲು ಅವಕಾಶವಿದೆ. ಬಿಲ್ ಇಟ್ಟುಕೊಂಡು ನಮೂದಿಸಿಬಿಡಿ.

ಶಾಖ ಬರುವ ದಾರಿಗಳನ್ನು ಮುಚ್ಚುವುದು

ಜಿಪ್ಸಿಯ ಒಳಗೆ ಶಾಖ ಬರುವುದು ಬಿಸಿಲಿನಿಂದ ಮಾತ್ರವಲ್ಲ. ಎಂಜಿನ್ ಮತ್ತು ಕಾಲಿನ ನಡುವಿನ ತಗಡು, ಗೇರ್‌ಬಾಕ್ಸ್ ಮೇಲಿನ ದಿಬ್ಬ, ಸೈಲೆನ್ಸರ್ ಹಾದುಹೋಗುವ ನೆಲ ಇವೆಲ್ಲ ಬರಿಯ ಕಬ್ಬಿಣ. ಗೇರ್ ಲಿವರ್ ಮತ್ತು ಫೋರ್ ವೀಲ್ ಲಿವರ್‌ಗಳ ಬುಡದ ರಬ್ಬರ್ ಬೂಟ್ ಹರಿದಿದ್ದರೆ ಎಂಜಿನ್‌ನ ಬಿಸಿಗಾಳಿ ನೇರವಾಗಿ ಒಳಗೆ ನುಗ್ಗುತ್ತದೆ. ಸೀಟುಗಳನ್ನೆಲ್ಲ ಕಳಚಿ, ಹಳೆಯ ಮ್ಯಾಟ್ ತೆಗೆದು, ತುಕ್ಕು ಕೆರೆದು ಪ್ರೈಮರ್ ಹೊಡೆದ ಮೇಲೆ ನೆಲಕ್ಕೆ ಬ್ಯೂಟೈಲ್ ಹಾಳೆ, ಅದರ ಮೇಲೆ ಸುಮಾರು 10 ಮಿಲಿಮೀಟರ್ ದಪ್ಪದ ನೈಟ್ರೈಲ್ ರಬ್ಬರ್ ಫೋಮ್ ಅಂಟಿಸಬೇಕು. ಫೆಲ್ಟ್ ಅಥವಾ ಸೆಣಬಿನ ಹೊದಿಕೆ ಅಗ್ಗ, ಆದರೆ ಅದು ನೀರು ಕುಡಿದು ತಿಂಗಳುಗಟ್ಟಲೆ ಒದ್ದೆಯಾಗಿದ್ದು ನೆಲವನ್ನು ಒಳಗಿನಿಂದಲೇ ತಿನ್ನುತ್ತದೆ. ಹೊಳೆ ದಾಟುವ ಗಾಡಿಗೆ ಅದು ಸಲ್ಲದು.

ಬಾಗಿಲುಗಳ ಬೀಡಿಂಗ್ ರಬ್ಬರ್ ಹೊಸದಾಗಿ ಹಾಕಿಸಿ. ಗಾಳಿ ಎಲ್ಲಿ ಸೋರುತ್ತದೆ ಎಂದು ಕಂಡುಹಿಡಿಯಲು ಕತ್ತಲಲ್ಲಿ ಒಬ್ಬರು ಒಳಗೆ ಕುಳಿತು, ಇನ್ನೊಬ್ಬರು ಹೊರಗಿನಿಂದ ಬಾಗಿಲಿನ ಅಂಚಿಗೆ ಟಾರ್ಚ್ ಹಿಡಿದು ಸುತ್ತ ಬಂದರೆ ಬೆಳಕು ನುಸುಳುವ ಜಾಗಗಳೆಲ್ಲ ಸಿಗುತ್ತವೆ. ಚಾವಣಿಯ ಒಳಗೂ ಫೋಮ್ ಹಾಕಿಸುವುದು ಒಳ್ಳೆಯದು. ಗಾಜಿಗೆ ಕಪ್ಪು ಫಿಲ್ಮ್ ಅಂಟಿಸುವ ಮುನ್ನ ನೆನಪಿರಲಿ: ಕೇಂದ್ರ ಮೋಟಾರು ವಾಹನ ನಿಯಮಗಳ 100ನೇ ನಿಯಮದಂತೆ ಮುಂದಿನ ಹಿಂದಿನ ಗಾಜುಗಳಲ್ಲಿ ಶೇ. 70, ಪಕ್ಕದ ಗಾಜುಗಳಲ್ಲಿ ಶೇ. 50ರಷ್ಟು ಬೆಳಕು ಹಾಯಲೇಬೇಕು. ಕ್ಯಾನ್ವಾಸ್ ಹೊದಿಕೆಯ ಸಾಫ್ಟ್ ಟಾಪ್‌ನಲ್ಲಿ ಈ ಕೆಲಸವೆಲ್ಲ ಅರ್ಧ ಮಾತ್ರ ಫಲ ಕೊಡುತ್ತದೆ. ಅಲ್ಲಿ ಎಸಿಯಿಂದ ಮುಖಕ್ಕೆ ತಂಪು ಸಿಗಬಹುದು, ಗಾಡಿ ತಂಪಾಗುವುದಿಲ್ಲ.

ಬಿಡಿಭಾಗಗಳು

ಜಿಪ್ಸಿ ಕಿಂಗ್‌ನ 1.3 ಲೀಟರ್ ಎಂಜಿನ್ ಎಸ್ಟೀಮ್ ಕಾರಿನ ಎಂಜಿನ್‌ನ ಕುಟುಂಬಕ್ಕೇ ಸೇರಿದ್ದು, ಎಸ್ಟೀಮ್‌ಗೆ ಕಾರ್ಖಾನೆಯ ಎಸಿ ಇತ್ತು. ಆದ್ದರಿಂದ ಕಂಪ್ರೆಸರ್ ಕೂರಿಸುವ ಬ್ರಾಕೆಟ್ ಹುಡುಕುವವರು ಮೊದಲು ಅಲ್ಲಿಂದಲೇ ಆರಂಭಿಸುತ್ತಾರೆ. ಎಸ್ಟೀಮ್‌ನಲ್ಲಿ ಎಂಜಿನ್ ಅಡ್ಡಲಾಗಿ, ಜಿಪ್ಸಿಯಲ್ಲಿ ಉದ್ದಕ್ಕೆ ಕೂತಿರುವುದರಿಂದ ಬ್ರಾಕೆಟ್ ಬ್ಲಾಕಿಗೆ ಹೊಂದಿದರೂ ಕಂಪ್ರೆಸರ್ ಚಾಸಿಗೋ ಸ್ಟೀರಿಂಗ್‌ನ ಭಾಗಕ್ಕೋ ತಾಗುವ ಸಂಭವವಿದೆ; ಹಣ ಕೊಡುವ ಮುನ್ನ ಗಾಡಿಯ ಮೇಲೆ ಇಟ್ಟು ನೋಡುವ ಒಪ್ಪಂದ ಮಾಡಿಕೊಳ್ಳಿ. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಹೊಸದೂ, ಗುಜರಿಗಳಲ್ಲಿ ಹಳೆಯದೂ ಸಿಗುತ್ತವೆ. ಬ್ರಾಕೆಟ್, ಪುಲ್ಲಿಗಳನ್ನು ಗುಜರಿಯಿಂದ ತರಬಹುದು. ಕಂಪ್ರೆಸರ್, ಕಂಡೆನ್ಸರ್, ಒಳಗಿನ ಗಾಳಿಯನ್ನು ತಂಪು ಮಾಡುವ ಕೂಲಿಂಗ್ ಕಾಯಿಲ್, ಅದಕ್ಕೆ ಗ್ಯಾಸನ್ನು ಸಣ್ಣ ತೂತಿನಿಂದ ಬಿಡುವ ಎಕ್ಸ್‌ಪಾನ್ಷನ್ ವಾಲ್ವ್ ಹೊಸದೇ ಇರಲಿ. ಡ್ರೈಯರ್ ಬಾಟಲಿಯ ವಿಷಯದಲ್ಲಂತೂ ಚೌಕಾಸಿಯೇ ಬೇಡ: ಅದರೊಳಗಿನ ತೇವ ಹೀರುವ ಹರಳುಗಳು ಗಾಳಿಗೆ ತೆರೆದುಕೊಂಡರೆ ಕೆಲವೇ ಗಂಟೆಗಳಲ್ಲಿ ಕೆಲಸಕ್ಕೆ ಬಾರದಂತಾಗುತ್ತವೆ.

ಕಂಡೆನ್ಸರ್ ಆರಿಸುವಾಗ ಗ್ರಿಲ್ ಹಿಂದಿನ ಜಾಗಕ್ಕೆ ಹಿಡಿಸುವ ಅತಿ ದೊಡ್ಡದನ್ನೇ ಆರಿಸಿ, ಮತ್ತು ಸರ್ಪದಂತೆ ಬಳುಕುವ ಒಂದೇ ಕೊಳವೆಯ ಹಳೆಯ ಬಗೆಯದಕ್ಕಿಂತ ಪ್ಯಾರಲಲ್ ಫ್ಲೋ ಬಗೆಯದನ್ನು ಕೇಳಿ ಪಡೆಯಿರಿ. ಇಡೀ ವ್ಯವಸ್ಥೆ ಆರ್-134ಎ ಗ್ಯಾಸಿಗೆ ಹೊಂದುವಂಥದ್ದಾಗಿರಬೇಕು. ಆರ್-12 ಕಾಲದ ಹಳೆಯ ಕಂಪ್ರೆಸರ್ ಅಗ್ಗಕ್ಕೆ ಸಿಕ್ಕಿತೆಂದು ತಂದರೆ ಅದರ ಆಯಿಲ್ ಬೇರೆ, ಸೀಲ್‌ಗಳು ಬೇರೆ.

ಕೂರಿಸುವ ಕೆಲಸ

ಬ್ಯಾಟರಿಯ ನೆಗೆಟಿವ್ ಕಳಚಿ ಕೆಲಸ ಶುರುಮಾಡಿ. ಕಂಪ್ರೆಸರ್ ಪುಲ್ಲಿ, ಕ್ರ್ಯಾಂಕ್ ಪುಲ್ಲಿಯಲ್ಲಿ ಬೆಲ್ಟ್ ಕೂರುವ ಹೆಚ್ಚುವರಿ ತೋಡು, ಬೆಲ್ಟ್ ಬಿಗಿ ಮಾಡುವ ಐಡ್ಲರ್ ಈ ಮೂರೂ ಒಂದೇ ನೇರದಲ್ಲಿರಬೇಕು. ನೇರವಾದ ಉಕ್ಕಿನ ಪಟ್ಟಿಯನ್ನು ಪುಲ್ಲಿಗಳ ಮುಖಕ್ಕೆ ಒತ್ತಿ ಹಿಡಿದರೆ ಒಂದೂವರೆ ಮಿಲಿಮೀಟರ್‌ಗಿಂತ ಹೆಚ್ಚಿನ ಅಂತರ ಕಾಣಬಾರದು. ಬೆಲ್ಟ್ ಕಿರುಚುವುದಕ್ಕೂ ಪದೇ ಪದೇ ಹರಿಯುವುದಕ್ಕೂ ಬಹುಮಟ್ಟಿಗೆ ಈ ಅಂತರವೇ ಕಾರಣ. ಬ್ರಾಕೆಟ್‌ಗೆ ಕನಿಷ್ಠ 8 ಮಿಲಿಮೀಟರ್ ದಪ್ಪದ ಪಟ್ಟಿ ಬೇಕು, ಮತ್ತು ಅದು ಎಂಜಿನ್ ಬ್ಲಾಕಿಗೇ ಬಿಗಿಯಾಗಬೇಕು. ಎಂಜಿನ್ ರಬ್ಬರ್ ಮೌಂಟುಗಳ ಮೇಲೆ ಅಲುಗಾಡುವುದರಿಂದ ಒಂದು ಕಾಲು ಎಂಜಿನ್‌ಗೆ, ಇನ್ನೊಂದು ಕಾಲು ಚಾಸಿಗೆ ಇರುವಂತೆ ವೆಲ್ಡ್ ಮಾಡಿದ ಬ್ರಾಕೆಟ್ ತೋಟದ ದಾರಿಯಲ್ಲಿ ಹೆಚ್ಚು ದಿನ ಬಾಳುವುದಿಲ್ಲ. ಕಂಪ್ರೆಸರ್‌ನ ಹೋಸ್ ಬಾಯಿಗಳು ಮೇಲಕ್ಕೋ ಪಕ್ಕಕ್ಕೋ ಇರಲಿ, ಕೆಳಮುಖವಾಗಿ ಇರಬಾರದು; ಇದ್ದರೆ ಒಳಗಿನ ಆಯಿಲ್ ಇರಬೇಕಾದ ಕಡೆ ನಿಲ್ಲುವುದಿಲ್ಲ.

ಕಂಡೆನ್ಸರನ್ನು ರೇಡಿಯೇಟರ್‌ನಿಂದ ಎರಡು ಸೆಂಟಿಮೀಟರ್‌ನಷ್ಟು ಮುಂದೆ, ರಬ್ಬರ್ ಬುಷ್‌ಗಳ ಮೇಲೆ ನಿಲ್ಲಿಸಿ, ಎರಡರ ನಡುವಿನ ಅಂಚುಗಳನ್ನು ಫೋಮ್ ಪಟ್ಟಿಯಿಂದ ಮುಚ್ಚಿದರೆ ಒಳಬಂದ ಗಾಳಿ ಸಂದಿಯಲ್ಲಿ ತಪ್ಪಿಸಿಕೊಳ್ಳದೆ ಎರಡನ್ನೂ ಹಾದುಹೋಗುತ್ತದೆ. ಅದರ ಮುಂದೆ 10 ಅಥವಾ 12 ಇಂಚಿನ ವಿದ್ಯುತ್ ಫ್ಯಾನ್ ಬೇಕೇ ಬೇಕು. ಎಂಜಿನ್‌ನ ಫ್ಯಾನ್ ಇದೆಯಲ್ಲ ಎನ್ನುವವರು ನಾಲ್ಕೂ ಚಕ್ರ ನಿಧಾನವಾಗಿ ಎಳೆಯುವ ಫೋರ್ ಲೋ ಗೇರಿನಲ್ಲಿ ಕಲ್ಲಿನ ಏರು ಹತ್ತುವಾಗಿನ ಸ್ಥಿತಿಯನ್ನು ಮರೆತಿರುತ್ತಾರೆ: ಎಂಜಿನ್ ದುಡಿಯುತ್ತಿರುತ್ತದೆ, ಗಾಡಿ ನಡಿಗೆಯ ವೇಗದಲ್ಲಿರುತ್ತದೆ, ಮುಂದಿನಿಂದ ಗಾಳಿಯೇ ಇರುವುದಿಲ್ಲ. ಮುಂದೆ ಕೂರಿಸುವ ಫ್ಯಾನ್ ಗಾಳಿಯನ್ನು ಹಿಂದಕ್ಕೆ ತಳ್ಳುವ ಬಗೆಯದೇ ಎಂದು ಖಚಿತಪಡಿಸಿಕೊಳ್ಳಿ. ಕಂಡೆನ್ಸರ್‌ನ ರೆಕ್ಕೆಗಳ ನಡುವೆ ಪ್ಲಾಸ್ಟಿಕ್ ಟೈ ತೂರಿಸಿ ಫ್ಯಾನ್ ಕಟ್ಟುವ ಪದ್ಧತಿ ಸಾಮಾನ್ಯವಾಗಿದೆ. ಕುಲುಕಾಟಕ್ಕೆ ಆ ಟೈಗಳೇ ಕೊಳವೆಯನ್ನು ಉಜ್ಜಿ ತೂತು ಮಾಡುತ್ತವೆ, ಆದ್ದರಿಂದ ಫ್ಯಾನಿಗೆ ಪ್ರತ್ಯೇಕ ಪಟ್ಟಿಯ ಆಧಾರ ಕೊಡಿಸಿ.

ಕೂಲಿಂಗ್ ಕಾಯಿಲ್ ಮತ್ತು ಬ್ಲೋವರ್ ಇರುವ ಪೆಟ್ಟಿಗೆಯನ್ನು ಡ್ಯಾಶ್‌ಬೋರ್ಡ್ ಕೆಳಗೆ ತೂಗುಹಾಕುವುದು ರೂಢಿ. ಅಳತೆ ತೆಗೆಯುವಾಗ ಗೇರನ್ನೂ ಫೋರ್ ವೀಲ್ ಲಿವರನ್ನೂ ಎಲ್ಲ ಸ್ಥಾನಗಳಿಗೆ ಹಾಕಿ, ಕೈಗೆಣ್ಣು ಪೆಟ್ಟಿಗೆಗೆ ತಾಗುವುದಿಲ್ಲವೆಂದು ನೋಡಿ; ಪಕ್ಕದಲ್ಲಿ ಕೂರುವವರ ಮೊಣಕಾಲಿಗೂ ಜಾಗ ಉಳಿಯಬೇಕು. ಇಲ್ಲಿ ಹೆಚ್ಚಿನವರು ಮರೆಯುವ ವಿಷಯವೊಂದಿದೆ. ತೂಗುಹಾಕಿದ ಪೆಟ್ಟಿಗೆ ಗಾಳಿಯನ್ನು ಎದೆಗೆ ಊದುತ್ತದೆಯೇ ಹೊರತು ಗಾಜಿಗಲ್ಲ. ಮಳೆಗಾಲದ ಉಪಯೋಗ ಬೇಕಿದ್ದರೆ ಪೆಟ್ಟಿಗೆಯ ಒಂದು ಬಾಯಿಯಿಂದ ಎರಡೂವರೆ ಇಂಚಿನ ಸುರುಳಿ ಪೈಪನ್ನು ಎಳೆದು, ಮುಂದಿನ ಗಾಜಿನ ಬುಡದಲ್ಲಿರುವ ಡಿಫ್ರಾಸ್ಟರ್ ಬಾಯಿಗೆ ಸೇರಿಸಬೇಕು. ಹಾಗೆಯೇ ಪೆಟ್ಟಿಗೆಯ ತಳದಿಂದ ಹನಿಯುವ ನೀರಿನ ಕೊಳವೆ ಎಲ್ಲೂ ಮೇಲೇಳದೆ ಒಂದೇ ಇಳಿಜಾರಿನಲ್ಲಿ ನೆಲದ ರಬ್ಬರ್ ಗ್ರಾಮೆಟ್ ಮೂಲಕ ಹೊರಹೋಗಬೇಕು, ಅದರ ತುದಿಗೆ ಬಾತುಕೋಳಿಯ ಕೊಕ್ಕಿನಂತೆ ಮುಚ್ಚಿಕೊಳ್ಳುವ ರಬ್ಬರ್ ತುದಿ ಹಾಕಿದರೆ ಹೊಳೆಯ ನೀರು ಹಿಮ್ಮುಖವಾಗಿ ಏರುವುದು ಕಡಿಮೆಯಾಗುತ್ತದೆ.

ಹೋಸ್‌ಗಳಲ್ಲಿ ಮೂರು ಅಳತೆ: ಕೂಲಿಂಗ್ ಕಾಯಿಲ್‌ನಿಂದ ಕಂಪ್ರೆಸರ್‌ಗೆ ಬರುವುದು ನಂಬರ್ 10, ಕಂಪ್ರೆಸರ್‌ನಿಂದ ಕಂಡೆನ್ಸರ್‌ಗೆ ಹೋಗುವುದು ನಂಬರ್ 8, ಅಲ್ಲಿಂದ ಡ್ರೈಯರ್ ಮೂಲಕ ಒಳಗೆ ಹೋಗುವುದು ನಂಬರ್ 6. ಆರ್-134ಎ ಅಣುಗಳು ಸಾಮಾನ್ಯ ರಬ್ಬರ್‌ನಿಂದ ಮೆಲ್ಲಗೆ ಸೋರುವುದರಿಂದ ನೈಲಾನ್ ಒಳಪದರವಿರುವ ಬ್ಯಾರಿಯರ್ ಹೋಸ್ ಬೇಕು. ಎಂಜಿನ್ ಮೇಲಿರುವ ಕಂಪ್ರೆಸರ್‌ಗೂ ಬಾಡಿಗೆ ಬಿಗಿದ ಕೊಳವೆಗೂ ನಡುವೆ ಹೋಸ್ ತುಸು ಸಡಿಲವಿರಲಿ, ಎಕ್ಸಾಸ್ಟ್‌ನಿಂದ ದೂರವಿರಲಿ. ಎಲ್ಲ ಕೂಡುವ ಜಾಗಗಳಿಗೆ ಹೊಸ ಹಸಿರು ಓ-ರಿಂಗ್, ಅದಕ್ಕೆ ಕಂಪ್ರೆಸರ್ ಆಯಿಲ್‌ನ ಲೇಪ. ಎರಡು ಸ್ಪ್ಯಾನರ್ ಹಿಡಿದೇ ಬಿಗಿಮಾಡಿ, ಇಲ್ಲದಿದ್ದರೆ ಅಲ್ಯೂಮಿನಿಯಂ ಕೊಳವೆ ತಿರುಚಿಕೊಳ್ಳುತ್ತದೆ. ಡ್ರೈಯರ್ ಬಾಟಲಿಯ ಮುಚ್ಚಳವನ್ನು ಎಲ್ಲಕ್ಕಿಂತ ಕೊನೆಗೆ ತೆಗೆದು, ಬಾಣದ ಗುರುತು ಗ್ಯಾಸ್ ಹರಿಯುವ ದಿಕ್ಕಿಗಿರುವಂತೆ ನೆಟ್ಟಗೆ ಜೋಡಿಸಿ.

ವಯರಿಂಗ್ ಮತ್ತು ಐಡ್ಲಿಂಗ್

ಡ್ಯಾಶ್‌ಬೋರ್ಡಿನ ಯಾವುದೋ ಹಳೆಯ ವಯರಿನಿಂದ ಎಸಿಗೆ ವಿದ್ಯುತ್ ಕದಿಯುವುದು ಬೆಂಕಿಗೆ ಆಹ್ವಾನ. ಬ್ಯಾಟರಿಯಿಂದ ನೇರವಾಗಿ 6 ಚದರ ಮಿಲಿಮೀಟರ್ ತಾಮ್ರದ ವಯರ್, ಬ್ಯಾಟರಿಯ ಪಕ್ಕದಲ್ಲೇ 30 ಆಂಪಿಯರ್ ಫ್ಯೂಸ್, ಅಲ್ಲಿಂದ ಬ್ಲೋವರ್, ಫ್ಯಾನ್, ಕ್ಲಚ್‌ಗಳಿಗೆ ಬೇರೆ ಬೇರೆ ರಿಲೇ ಎಂಬ ಕ್ರಮವಿರಲಿ. ರಿಲೇಗಳನ್ನು ಚಾಲೂ ಮಾಡುವ ಸಣ್ಣ ವಯರ್ ಮಾತ್ರ ಇಗ್ನಿಷನ್‌ನಿಂದ ಬರಲಿ. ಕ್ಲಚ್‌ಗೆ ಹೋಗುವ ವಯರ್ ಎರಡು ಕಾವಲುಗಾರರನ್ನು ದಾಟಬೇಕು. ಒಂದು ಪ್ರೆಷರ್ ಸ್ವಿಚ್, ಗ್ಯಾಸ್ ತೀರಾ ಕಡಿಮೆಯಾದಾಗಲೂ ಒತ್ತಡ ಮಿತಿಮೀರಿದಾಗಲೂ ಕಂಪ್ರೆಸರ್ ನಿಲ್ಲಿಸುತ್ತದೆ. ಇನ್ನೊಂದು ಎಸಿಯದೇ ಆದ ಥರ್ಮೋಸ್ಟಾಟ್, ಅದರ ತಂತಿ ಕೂಲಿಂಗ್ ಕಾಯಿಲ್‌ನ ರೆಕ್ಕೆಗಳ ನಡುವೆ ಕೂತು ಉಷ್ಣತೆ ಒಂದೆರಡು ಡಿಗ್ರಿಗೆ ಇಳಿದಾಗ ಕ್ಲಚ್ ಬಿಡಿಸುತ್ತದೆ. ಅದಿಲ್ಲದಿದ್ದರೆ ಕಾಯಿಲ್ ಮೇಲೆ ಮಂಜುಗಡ್ಡೆ ಕಟ್ಟಿ ಗಾಳಿಯೇ ನಿಲ್ಲುತ್ತದೆ. ಕೆಲವು ಕಡೆ ಪ್ರೆಷರ್ ಸ್ವಿಚ್‌ನ ಎರಡು ವಯರ್‌ಗಳನ್ನು ಸೇರಿಸಿ ಸುತ್ತಿಬಿಡುತ್ತಾರೆ. ಕೆಲಸ ಮುಗಿದ ಮೇಲೆ ಕಣ್ಣಾರೆ ನೋಡಿಕೊಳ್ಳಿ.

ಗಾಡಿ ನಿಂತು ಎಂಜಿನ್ ಸುಮ್ಮನೆ ಓಡುವ ಐಡ್ಲಿಂಗ್‌ನಲ್ಲಿ ಕಂಪ್ರೆಸರ್‌ನ ಕ್ಲಚ್ ಹಿಡಿದಾಗ ಎಂಜಿನ್ ನಡುಗಿ ನಿಲ್ಲಬಾರದು. ಕಾರ್ಬ್ಯುರೇಟರ್ ಗಾಡಿಯಲ್ಲಿ ವ್ಯಾಕ್ಯೂಮ್‌ನಿಂದ ಥ್ರಾಟಲ್ ತುಸು ಎತ್ತುವ ಐಡಲ್-ಅಪ್ ಸಾಧನ ಹಾಕಿಸಬೇಕು. ಎಂಪಿಎಫ್‌ಐ ಗಾಡಿಯಲ್ಲಿ ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್ ಆದ ಇಸಿಎಂಗೆ ಎಸಿಯ ಸೂಚನೆ ಪಡೆಯುವ ವಯರ್ ಇದೆಯೇ ಎಂದು ವಯರಿಂಗ್ ನಕ್ಷೆ ಬಲ್ಲ ಎಲೆಕ್ಟ್ರಿಷಿಯನ್‌ನಿಂದ ನೋಡಿಸಿ, ಇಲ್ಲವಾದರೆ ಅಲ್ಲಿ ಐಡ್ಲಿಂಗ್ ಏರಿಸಲು ಗಾಳಿಯ ವಾಲ್ವೇ ಗತಿ. ಎಸಿ ಹಾಕಿದಾಗ 900ರಿಂದ 1,000 ಆರ್‌ಪಿಎಂ ನಿಂತರೆ ಸರಿ. ಇದರ ಜೊತೆಗೆ ಕೈಗೆ ಸುಲಭವಾಗಿ ಎಟುಕುವ ಜಾಗದಲ್ಲಿ ಕ್ಲಚ್ ಮಾತ್ರ ಬಿಡಿಸುವ ಒಂದು ಸ್ವಿಚ್ ಇಡಿಸಿಕೊಳ್ಳಿ. ಕಡಿದಾದ ಏರಿನಲ್ಲಿ ಬ್ಲೋವರ್ ಓಡುತ್ತಿರುವಾಗಲೇ ಎಂಜಿನ್‌ನ ಪೂರ್ತಿ ಬಲ ಚಕ್ರಕ್ಕೆ ಸಿಗುವಂತೆ ಮಾಡಬಹುದು.

ಗಾಳಿ ತೆಗೆದು ಗ್ಯಾಸ್ ತುಂಬುವುದು

ಇಷ್ಟೂ ಕೆಲಸವನ್ನು ಕೈಚಳಕವಿರುವವರು ಮನೆಯಲ್ಲಿ ಮಾಡಬಹುದು, ಆದರೆ ಈ ಹಂತವನ್ನು ವ್ಯಾಕ್ಯೂಮ್ ಪಂಪ್, ಗೇಜ್ ಮತ್ತು ತೂಕದ ಯಂತ್ರವಿರುವ ಎಸಿ ಮಿಸ್ತ್ರಿಗೆ ಬಿಡುವುದೇ ಲೇಸು. ಅವರು ಸರಿಯಾಗಿ ಮಾಡುತ್ತಿದ್ದಾರೆಯೇ ಎಂದು ತಿಳಿಯಲು ಮುಂದಿನ ಮಾತುಗಳು ಬೇಕಾಗುತ್ತವೆ.

ಮೊದಲು ಒಣ ಸಾರಜನಕವನ್ನು 150 ಪಿಎಸ್‌ಐ ಒತ್ತಡಕ್ಕೆ ತುಂಬಿ, ಎಲ್ಲ ಕೂಡುವ ಜಾಗಗಳಿಗೆ ಸಾಬೂನು ನೀರು ಹಚ್ಚಿ ಗುಳ್ಳೆ ಏಳುತ್ತದೆಯೇ ಎಂದು ನೋಡಬೇಕು. ಟೈರಿಗೆ ಗಾಳಿ ತುಂಬುವ ಯಂತ್ರದಿಂದ ಈ ಪರೀಕ್ಷೆ ಮಾಡಬಾರದು, ಅದರಲ್ಲಿ ನೀರಿನ ಅಂಶವಿರುತ್ತದೆ. ಆಕ್ಸಿಜನ್ ಅಂತೂ ಆಯಿಲ್ ಜೊತೆ ಸೇರಿ ಸ್ಫೋಟಿಸಬಲ್ಲದು. ಸೋರಿಕೆ ಇಲ್ಲವೆಂದಾದ ಮೇಲೆ ಕನಿಷ್ಠ 45 ನಿಮಿಷ ವ್ಯಾಕ್ಯೂಮ್ ಪಂಪ್ ಓಡಿಸಿ, ಪಂಪ್ ನಿಲ್ಲಿಸಿದ ಮೇಲೆ ಅರ್ಧ ಗಂಟೆ ಮುಳ್ಳು ಅಲುಗಾಡದೆ ನಿಲ್ಲುತ್ತದೆಯೇ ಎಂದು ಕಾಯಬೇಕು. ಒತ್ತಡ ಅಷ್ಟು ಇಳಿದಾಗ ಒಳಗೆ ಉಳಿದ ನೀರು ಆವಿಯಾಗಿ ಹೊರಬರುತ್ತದೆ. ಬಾರದೆ ಉಳಿದರೆ ಎಕ್ಸ್‌ಪಾನ್ಷನ್ ವಾಲ್ವ್‌ನ ಸಣ್ಣ ತೂತಿನಲ್ಲಿ ಹೆಪ್ಪುಗಟ್ಟಿ, ಎಸಿ ಹತ್ತು ನಿಮಿಷ ತಂಪು ಕೊಟ್ಟು ನಿಲ್ಲುವ, ಸ್ವಲ್ಪ ಹೊತ್ತಿನ ಮೇಲೆ ಮತ್ತೆ ತಂಪಾಗುವ ಚಾಳಿ ಹಿಡಿಯುತ್ತದೆ. ಗೇಜ್ ಓದುವಾಗ ಊರಿನ ಎತ್ತರವನ್ನು ಗಮನಿಸಿ. ಮಂಗಳೂರಿನಲ್ಲಿ ಪಾದರಸದ 29 ಇಂಚಿನ ಮೇಲೆ ತೋರಿಸುವ ಅದೇ ಒಳ್ಳೆಯ ಪಂಪ್ ಬೆಂಗಳೂರಿನಲ್ಲಿ 27ರ ಸುಮಾರಿಗೆ, ಮಡಿಕೇರಿಯಲ್ಲಿ 26ರ ಸುಮಾರಿಗೆ ನಿಲ್ಲುತ್ತದೆ. ಹೊರಗಿನ ಗಾಳಿಯ ಒತ್ತಡವೇ ಅಲ್ಲಿ ಕಡಿಮೆ, ಪಂಪಿನ ದೋಷವಲ್ಲ.

ಕಂಪನಿಯ ಎಸಿ ಇರುವ ಕಾರಿನ ಬಾನೆಟ್ ಕೆಳಗೆ ಎಷ್ಟು ಗ್ರಾಂ ಗ್ಯಾಸ್ ಎಂಬ ಚೀಟಿ ಇರುತ್ತದೆ. ಜಿಪ್ಸಿಗೆ ಅಂಥ ಚೀಟಿ ಇಲ್ಲ. ಹೀಗಾಗಿ 400 ಗ್ರಾಂನಿಂದ ಆರಂಭಿಸಿ, ಎಂಜಿನ್ 1,500 ಆರ್‌ಪಿಎಂನಲ್ಲಿ, ಬ್ಲೋವರ್ ಪೂರ್ತಿ ವೇಗದಲ್ಲಿ, ಬಾಗಿಲುಗಳು ತೆರೆದಿರುವಾಗ, ಗಾಡಿಯ ಮುಂದೆ ದೊಡ್ಡ ಫ್ಯಾನ್ ಇಟ್ಟು, ಪ್ರತಿ ಸಲ 50 ಗ್ರಾಂ ಸೇರಿಸಿ ಐದು ನಿಮಿಷ ಕಾದು ಗೇಜ್ ನೋಡುತ್ತಾ ಹೋಗಬೇಕು. ಹೊರಗೆ 30 ಡಿಗ್ರಿ ಇರುವಾಗ ಕಂಪ್ರೆಸರ್‌ಗೆ ಗ್ಯಾಸ್ ಬರುವ ಲೋ ಕಡೆ 25ರಿಂದ 40, ಅದು ಒತ್ತಿ ಕಳಿಸುವ ಹೈ ಕಡೆ 175ರಿಂದ 215 ಪಿಎಸ್‌ಐ ಬಂದು ಗಾಳಿಯ ಬಾಯಿಯಲ್ಲಿಟ್ಟ ಥರ್ಮಾಮೀಟರ್ ಇಳಿಯುವುದು ನಿಂತಾಗ ಸಾಕು. ಒಟ್ಟು ತೂಕವನ್ನು ಬಾನೆಟ್ ಒಳಗೆ ಬರೆದು ಅಂಟಿಸಿಬಿಡಿ, ಮುಂದಿನ ಸಲ ಅದೇ ಚೀಟಿ. ಎರಡೂ ಕಡೆ ಒತ್ತಡ ಹೆಚ್ಚಿದ್ದರೆ ಗ್ಯಾಸ್ ಹೆಚ್ಚಾಗಿದೆ ಇಲ್ಲವೇ ಕಂಡೆನ್ಸರ್‌ಗೆ ಗಾಳಿ ಸಾಲುತ್ತಿಲ್ಲ. ಎರಡೂ ಕಡಿಮೆಯಿದ್ದರೆ ಗ್ಯಾಸ್ ಕಡಿಮೆ. ಕಿಟಕಿ ಮುಚ್ಚಿ ಓಡಿಸಿದಾಗ ಬಾಯಿಯಲ್ಲಿ 6ರಿಂದ 10 ಡಿಗ್ರಿ ಸಿಗಬೇಕು, ಕರಾವಳಿಯ ತೇವದ ಗಾಳಿಯಲ್ಲಿ ಎರಡು ಮೂರು ಡಿಗ್ರಿ ಹೆಚ್ಚಿದ್ದರೂ ದೋಷವಲ್ಲ.

ಟಿನ್‌ನಿಂದ ತುಂಬುವಾಗ ಕಣ್ಣಿಗೆ ಕನ್ನಡಕ, ಕೈಗೆ ಗವಸು ಇರಲಿ, ಟಿನ್ ನೆಟ್ಟಗಿರಲಿ, ಎಂಜಿನ್ ಓಡುತ್ತಿರುವಾಗ ಹೈ ಕಡೆಯ ವಾಲ್ವ್ ಮುಟ್ಟಲೇಬೇಡಿ; ಆ ಒತ್ತಡ ಹಿಮ್ಮುಖವಾಗಿ ಟಿನ್‌ಗೆ ಬಂದರೆ ಅದು ಒಡೆಯುತ್ತದೆ. ಅಡುಗೆ ಅನಿಲ ಬೆರೆಸಿದ ಅಗ್ಗದ ಗ್ಯಾಸನ್ನು ಯಾರೇ ಕೊಟ್ಟರೂ ಒಪ್ಪಬೇಡಿ, ಕೂಲಿಂಗ್ ಕಾಯಿಲ್ ಇರುವುದು ನಿಮ್ಮ ಮೊಣಕಾಲಿನ ಪಕ್ಕದಲ್ಲಿ.

ಕಾಡುದಾರಿಯಲ್ಲಿ

ಹೊಳೆಗೆ ಇಳಿಯುವ ಮುನ್ನ ಎಸಿ ನಿಲ್ಲಿಸಿ. ಮುಂದಿನ ಫ್ಯಾನ್ ನೀರಿನಲ್ಲಿ ತಿರುಗಿದರೆ ರೆಕ್ಕೆ ಬಾಗಿ ಕಂಡೆನ್ಸರನ್ನು ಸೀಳಬಹುದು, ಕಾದ ಕ್ಲಚ್‌ಗೂ ತಣ್ಣೀರು ಒಳ್ಳೆಯದಲ್ಲ. ಕೆಸರಿನಿಂದ ಬಂದ ಮೇಲೆ ಕಂಡೆನ್ಸರನ್ನು ಸಾಧಾರಣ ಪೈಪ್ ನೀರಿನಿಂದ ತೊಳೆಯಿರಿ. ವಾಟರ್ ಸರ್ವಿಸ್‌ನ ಜೋರು ಧಾರೆ ರೆಕ್ಕೆಗಳನ್ನು ಮಡಚಿಹಾಕುತ್ತದೆ. ಮೊದಲ 500 ಕಿಲೋಮೀಟರ್ ಆದ ಮೇಲೆ ಬೆಲ್ಟ್ ಮತ್ತು ಬ್ರಾಕೆಟ್ ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿಮಾಡಿಸಿ. ಹೋಸ್‌ಗಳ ಕೂಡುವ ಜಾಗದಲ್ಲಿ ಎಣ್ಣೆಯ ಕಲೆ, ಅದಕ್ಕೆ ಅಂಟಿದ ಧೂಳು ಕಂಡರೆ ಗ್ಯಾಸ್ ಅಲ್ಲಿಂದಲೇ ಸೋರುತ್ತಿದೆ ಎಂದು ತಿಳಿಯಬಹುದು, ಅದನ್ನು ಸರಿಪಡಿಸದೆ ಗ್ಯಾಸ್ ತುಂಬಿಸಬೇಡಿ. ಡಿಸೆಂಬರ್, ಜನವರಿಯ ಚಳಿಯಲ್ಲಿ ಎಸಿಯ ನೆನಪೇ ಬಾರದಿದ್ದರೂ ವಾರಕ್ಕೊಮ್ಮೆ ಹತ್ತು ನಿಮಿಷ ಅದನ್ನು ಓಡಿಸಬೇಕು. ಕಂಪ್ರೆಸರ್‌ನ ಶಾಫ್ಟ್ ಸೀಲ್ ಆಯಿಲ್ ಕಾಣದೆ ಒಣಗಿದರೆ ಮಾರ್ಚ್‌ನಲ್ಲಿ ಸ್ವಿಚ್ ಹಾಕುವ ಹೊತ್ತಿಗೆ ಗ್ಯಾಸ್ ಖಾಲಿಯಾಗಿರುತ್ತದೆ.